ಮದ್ಯವಿಲ್ಲದ ಪಾನೀಯಗಳು ಹೆಚ್ಚು ಸಿಕ್ಕರೆ ಜನ ಮದ್ಯ ಕೊಳ್ಳುವುದು ಕಡಿಮೆಯಾಗುತ್ತಾ?

ಆಗುತ್ತೆ. ಆದರೆ ಮೂಲೆಯಲ್ಲಿ ಒಂದೆರಡು ಬಾಟಲಿ ಇಟ್ಟರೆ ಸಾಲದು. ಕಣ್ಣಿಗೆ ಬೀಳುವ ಆಯ್ಕೆಗಳಲ್ಲಿ ಅವುಗಳ ಪಾಲು ಎಷ್ಟು ಅನ್ನುವುದೇ ಇಲ್ಲಿ ಮುಖ್ಯ.

ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕುಡಿಯುವ ಅಭ್ಯಾಸವಿದ್ದ 808 ಜನರಿಗೆ ಪರದೆಯ ಮೇಲೆ ಎಂಟು ಪಾನೀಯ ತೋರಿಸಿ, ಒಂದನ್ನು ಆರಿಸಿ ಅಂದರು. ಎಂಟರಲ್ಲಿ ಆರು ಮದ್ಯವೇ ಆಗಿದ್ದಾಗ, ಮದ್ಯವಿಲ್ಲದ್ದನ್ನು ಆರಿಸಿದವರು ಶೇ. 26. ಲೆಕ್ಕ ತಿರುಗಿಸಿ ಆರು ಮದ್ಯವಿಲ್ಲದವನ್ನು ಇಟ್ಟಾಗ ಶೇ. 48. ಯಾರೂ ಬುದ್ಧಿ ಹೇಳಲಿಲ್ಲ, ಯಾವುದನ್ನೂ ನಿಷೇಧಿಸಲಿಲ್ಲ.

ಅದು ಬರೀ ಆಯ್ಕೆ, ಜೇಬಿನಿಂದ ದುಡ್ಡು ಹೋಗಿದ್ದಲ್ಲ ಅನ್ನಬಹುದು, ನಿಜ. 2023ರ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆನ್‌ಲೈನ್‌ನಲ್ಲಿ ಮದ್ಯ ತರಿಸುವ 700ಕ್ಕೂ ಹೆಚ್ಚು ಜನ ಪ್ರಯೋಗಕ್ಕೆಂದು ರೂಪಿಸಿದ ಆನ್‌ಲೈನ್ ಸೂಪರ್‌ಮಾರ್ಕೆಟ್‌ನಲ್ಲಿ ಆರಿಸಿ, ಆಮೇಲೆ ನಿಜವಾದ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳಬೇಕಿತ್ತು. ಮದ್ಯವಿಲ್ಲದವುಗಳ ಪಾಲು ಕಾಲು ಭಾಗ ಇದ್ದಾಗ ಬುಟ್ಟಿಗೆ ಹಾಕಿದ ಮದ್ಯ ಸರಾಸರಿ 29.4 ಯೂನಿಟ್, ಮುಕ್ಕಾಲು ಭಾಗ ಆದಾಗ ಸುಮಾರು 17.5. ಅಲ್ಲಿ ಒಂದು ಯೂನಿಟ್ ಅಂದರೆ 8 ಗ್ರಾಂ ಶುದ್ಧ ಆಲ್ಕೋಹಾಲ್. ನನಗೆ ತುಂಬ ಹಿಡಿಸಿದ್ದು ಇದು: ಆರಿಸಿದ ಒಟ್ಟು ಪಾನೀಯಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಜನ ಮದ್ಯದ ಜೊತೆಗೆ ಇನ್ನೊಂದನ್ನು ಸೇರಿಸಿಕೊಳ್ಳಲಿಲ್ಲ, ಅದರ ಬದಲಿಗೇ ತೆಗೆದುಕೊಂಡರು.

ಪಬ್‌ಗಳಲ್ಲಿ ಪರಿಣಾಮ ಸಣ್ಣದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ 14 ಪಬ್, ಬಾರ್‌ಗಳಲ್ಲಿ ಆಲ್ಕೋಹಾಲ್ ಇಲ್ಲದ ಬಿಯರನ್ನೂ ನಲ್ಲಿಯಿಂದಲೇ ಕೊಟ್ಟು ನೋಡಿದಾಗ, ನಲ್ಲಿಯಿಂದ ಕೊಡುವ ಮಾಮೂಲಿ (ಡ್ರಾಫ್ಟ್) ಬಿಯರ್ ಮಾರಾಟ ಶೇ. 4ರಿಂದ 5ರಷ್ಟು ಇಳಿಯಿತು. ಮಾಲೀಕರ ಆದಾಯ ಕುಸಿದಂತೆ ಕಾಣಲಿಲ್ಲ. ವ್ಯಾಪಾರಿಗಳನ್ನು ಒಪ್ಪಿಸಲು ಇದಕ್ಕಿಂತ ಒಳ್ಳೆಯ ಮಾತು ಬೇಕಿಲ್ಲ.

ನೀವು ಯಾರಿಗಾದರೂ ಪಾರ್ಟಿ ಕೊಡುವವರಾದರೆ ಫ್ರಿಜ್ ಒಳಗೊಮ್ಮೆ ನೋಡಿ. ಐದಾರು ಬಗೆಯ ಬಿಯರ್ ತಣ್ಣಗೆ ಎದುರಿಗೇ, ಕುಡಿಯದವರಿಗೆ ಹೊರಗೆ ಬೆಚ್ಚಗಿಟ್ಟ ಒಂದು ಸೋಡಾ: ಎಷ್ಟೋ ಕಡೆ ನಾನು ಕಂಡಿದ್ದು ಇದನ್ನೇ. ಬೇಡ ಅನ್ನಬೇಕೆಂದು ಬಂದವರಿಗೂ ಅಲ್ಲಿ ಹೂಂ ಅನ್ನುವುದೇ ಸುಲಭವಾಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮದ್ಯದ ಚಟ ಬಿಡಲು ಹೋರಾಡುತ್ತಿರುವವರಿಗೆ ಬಿಯರ್ ವಾಸನೆ, ರುಚಿಯ ಪಾನೀಯವೇ ಮತ್ತೆ ಆಸೆ ಕೆರಳಿಸಬಹುದು. ಅವರ ಕೈಗೆ ಹಣ್ಣಿನ ರಸವನ್ನೋ ಸೋಡಾವನ್ನೋ ಕೊಡಿ, ಮಿಕ್ಕಿದ್ದನ್ನು ಅವರ ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಲಿ.