ನಾಲ್ಕು ಸಮರ್ಪಣೆ, ಒಂದು ಸಾಲದ ಪಟ್ಟಿ

ಪ್ರಕಾಶ್ (ಹೆಸರು, ಊರು, ಗುರುತಿನ ವಿವರ ಬದಲಿಸಿದೆ) 39 ವರ್ಷದವರು. ಸಂಬಳ ತಿಂಗಳಿಗೆ 34,000 ರೂಪಾಯಿ. ಕರಾವಳಿಯ ಒಂದು ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಯುವಜನ ಕೂಟದ ಖಜಾಂಚಿ. ಪತ್ನಿಯ ಒತ್ತಾಯಕ್ಕೆ ನಮ್ಮ ಬಳಿ ಸಮಾಲೋಚನೆಗೆ ಬಂದಿದ್ದರು.

"ನಾಲ್ಕು ಉಜ್ಜೀವನ ಕೂಟಗಳಲ್ಲಿ (ನಂಬಿಕೆಯನ್ನು ಹೊಸದಾಗಿಸುವ ವಿಶೇಷ ಕೂಟಗಳಲ್ಲಿ) ನನ್ನನ್ನು ದೇವರಿಗೆ ಒಪ್ಪಿಸಲು ಮುಂದೆ ಹೋಗಿ ಮೊಣಕಾಲೂರಿದ್ದೇನೆ. ಅತ್ತದ್ದು ನಾಟಕವಲ್ಲ. ಆರೇಳು ವಾರ ಚೆನ್ನಾಗಿರುತ್ತೇನೆ, ಮತ್ತೆ ಅದೇ ಪೂರ್ವಸ್ವಭಾವ. ನನ್ನ ನಂಬಿಕೆಯೇ ಸುಳ್ಳಿರಬೇಕು" ಎಂದರು.

"ಆ ನಾಲ್ಕು ಸಲ ದೇವರಿಗೆ ಏನನ್ನು ಒಪ್ಪಿಸಿದಿರಿ?"

"ಎಲ್ಲವನ್ನೂ."

"ಆ ಎಲ್ಲದರಲ್ಲಿ ನಿಮ್ಮ ಮೊಬೈಲ್ ಇತ್ತೇ?"

ತುಂಬ ಹೊತ್ತು ಮಾತಿಲ್ಲ. ಆಮೇಲೆ ಹೊರಬಂದದ್ದು ಮೂರು ವರ್ಷದ ರಮ್ಮಿ ಮತ್ತು ಕ್ರಿಕೆಟ್ ಬೆಟ್ಟಿಂಗ್, ಮನೆಯವರಿಗೆ ಗೊತ್ತಿಲ್ಲದ ಎರಡನೇ ಸಿಮ್, ಸೊಸೈಟಿಯಲ್ಲಿ ಅಡವಿಟ್ಟ ಪತ್ನಿಯ ಬಳೆಗಳು.

"ಎಲ್ಲವನ್ನೂ ಒಪ್ಪಿಸಿದೆ" ಎಂಬ ಮಾತು ಬಹಳ ಸಲ ಒಂದು ಮುಚ್ಚಳ. ಒಂದಕ್ಕೂ ಹೆಸರಿಡದೆ ಎಲ್ಲವನ್ನೂ ಕೊಟ್ಟಾಗ, ಕೈಯಲ್ಲಿ ಹಿಡಿದದ್ದು ಕೈಯಲ್ಲೇ ಉಳಿಯುತ್ತದೆ. ಸತ್ಯವೇದದ (ಬೈಬಲಿನ) ಅಪೊಸ್ತಲರ ಕೃತ್ಯಗಳು 5ರಲ್ಲಿ ಪೇತ್ರನು, ಹೊಲ ಮಾರಿದ ಹಣದಲ್ಲಿ ಸ್ವಲ್ಪ ಬಚ್ಚಿಟ್ಟು ಉಳಿದದ್ದನ್ನು ತಂದ ಅನನೀಯನಿಗೆ, ಹೊಲ ಮಾರುವ ಮೊದಲೂ ಅದು ನಿನ್ನದೇ, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತಲ್ಲ ಎನ್ನುತ್ತಾನೆ. ಸ್ವಲ್ಪ ಇಟ್ಟುಕೊಂಡದ್ದಕ್ಕಿಂತ ಎಲ್ಲವನ್ನೂ ಕೊಟ್ಟೆನೆಂದು ತೋರಿಸಿಕೊಂಡದ್ದು ಅಲ್ಲಿನ ತಪ್ಪು. ಸುಂಕದವನಾದ ಜಕ್ಕಾಯನಾದರೋ ಲೆಕ್ಕ ಹೇಳಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಪಡೆದದ್ದಕ್ಕೆ ನಾಲ್ಕರಷ್ಟು (ಲೂಕ 19:8).

ಪ್ರಕಾಶ್ ಕೂಡ ಸಾಲದ ಪಟ್ಟಿ ಬರೆಯಬೇಕಿತ್ತು. ಅದಕ್ಕೆ ಮೊದಲು ಬೇರೊಂದು ಪ್ರಶ್ನೆ ಕೇಳಲೇಬೇಕಿತ್ತು: "ಸಾಯುವ ಯೋಚನೆ ಬಂದಿದೆಯೇ?" ಗುಟ್ಟಿನ ಸಾಲವಿರುವವರನ್ನು ಇದನ್ನು ನೇರವಾಗಿ ಕೇಳಬೇಕು, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎರಡು ಸಲ ಬಂದಿತ್ತು ಎಂದರು. ಟೆಲಿ ಮಾನಸ್ ಸಹಾಯವಾಣಿ 14416 ಅವರ ಮೊಬೈಲಿಗೆ ಸೇರಿತು, ಅದೇ ವಾರ ಮನೋವೈದ್ಯರ ಭೇಟಿಯೂ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಜೂಜಿನ ಚಟವನ್ನು ರೋಗಗಳ ಪಟ್ಟಿಯಲ್ಲೇ ಇಟ್ಟಿದೆ. ಪಾಪವೆಂದು ಒಪ್ಪಿಕೊಳ್ಳುವುದಕ್ಕೂ ಚಿಕಿತ್ಸೆಗೆ ಹೋಗುವುದಕ್ಕೂ ಜಗಳವಿಲ್ಲ. ಈ ಜಗಳ ಹಚ್ಚುವ ಬೋಧನೆಯಿಂದ ಎಷ್ಟೋ ಮಂದಿ ಎರಡೂ ಬಾಗಿಲಿಗೆ ಹೋಗದೆ ಉಳಿದಿದ್ದಾರೆ.

ಪಟ್ಟಿ ಬರೆದಾಗ: ಬಳೆಗಳ ಮೇಲೆ 1,20,000; ಭಾವನಿಂದ 60,000; ಸಾಲದ ಆ್ಯಪ್‌ಗಳಿಗೆ 45,000; ಸಹೋದ್ಯೋಗಿಗೆ 25,000; ಯುವಜನ ಕೂಟದ ಪ್ರವಾಸದ ಹಣ 18,000. ಒಟ್ಟು 2,68,000. ಕೊನೆಯದನ್ನೂ ಅವರು ಸಾಲ ಎಂದೇ ಬರೆದಿದ್ದರು. ಕೇಳದೆ ತೆಗೆದದ್ದು ಸಾಲವಲ್ಲ, ಕದ್ದದ್ದು. ಆ ಪದವನ್ನು ಅವರ ಕೈಯಲ್ಲೇ ತಿದ್ದಿಸಬೇಕಾಯಿತು. ಇಡೀ ಸಮಾಲೋಚನೆಯಲ್ಲಿ ಅವರು ಎದ್ದು ಹೋಗಲು ನೋಡಿದ ಘಳಿಗೆ ಅದೊಂದೇ.

ಯಾರಿಗೆ ಮೊದಲು ಹೇಳಬೇಕು? ಮುಂದಿನ ಭಾನುವಾರ ಸಭೆಯೆದುರು ಸಾಕ್ಷಿ (ತನ್ನ ತಪ್ಪು ಮತ್ತು ಬದಲಾವಣೆಯ ಕಥೆ) ಹೇಳುತ್ತೇನೆ ಎಂದರು. ಬೇಡವೆಂದೆವು. ಬಳೆ ಪತ್ನಿಯದು, ಆಕೆ ಅದನ್ನು ನೂರು ಜನರ ನಡುವೆ ಕುಳಿತು ಕೇಳಬಾರದು. ಮೊದಲು ಮನೆಯಲ್ಲಿ, ಮಕ್ಕಳಿಲ್ಲದ ಹೊತ್ತಿನಲ್ಲಿ, ಪಟ್ಟಿ ಕೈಯಲ್ಲಿಟ್ಟುಕೊಂಡು, ಒಂದೇ ಸಲಕ್ಕೆ ಪೂರ್ತಿ. ಕಂತುಕಂತಾಗಿ ಹೊರಬರುವ ಸತ್ಯ ಪ್ರತಿ ಕಂತಿಗೂ ಹೊಸ ಮೋಸವಾಗುತ್ತದೆ. ಎರಡನೆಯದಾಗಿ ಸಭಾಪಾಲಕರಿಗೆ, ಖಜಾಂಚಿ ಸ್ಥಾನದ ರಾಜೀನಾಮೆಯೊಂದಿಗೆ. ಸಾರ್ವಜನಿಕ ಸಾಕ್ಷಿ ಕನಿಷ್ಠ ಒಂದು ವರ್ಷ ಬೇಡ. ಚಪ್ಪಾಳೆ ಬೇಗ ಸಿಕ್ಕರೆ, ಮಾಡಬೇಕಾದ ಕೆಲಸ ಮುಗಿದೇಹೋಯಿತು ಎಂದು ಮನಸ್ಸು ನಂಬಿಬಿಡುತ್ತದೆ.

ಪತ್ನಿಗೆ "ಕ್ಷಮಿಸಿಬಿಡಮ್ಮಾ, ಸತ್ಯವೇದ ಹಾಗೇ ಹೇಳುತ್ತದಲ್ಲ" ಎಂದು ಸಭೆಯ ಹಿರಿಯರೊಬ್ಬರು ಒತ್ತಾಯಿಸಿದ್ದರು. ನಾವು ಆಕೆಗೆ ಹೇಳಿದ್ದು: ಕ್ಷಮೆಗೆ ಸಮಯ ತೆಗೆದುಕೊಳ್ಳಿ, ಕ್ಷಮಿಸಿದ ಮೇಲೂ ಎಟಿಎಂ ಕಾರ್ಡ್ ನಿಮ್ಮ ಬಳಿಯೇ ಇರಲಿ. ಕ್ಷಮೆಯನ್ನು ಕೊಡಬಹುದು, ವಿಶ್ವಾಸವನ್ನು ಅವರು ಗಳಿಸಬೇಕು.

ಬೈಕು 38,000ಕ್ಕೆ ಮಾರಾಟವಾಯಿತು. ಸತ್ಯವೇದದ ಅರಣ್ಯಕಾಂಡ 5:7ರಲ್ಲಿ ಮೂಲಧನಕ್ಕೆ ಐದನೆಯ ಒಂದು ಪಾಲು ಸೇರಿಸಿ ಹಿಂತಿರುಗಿಸುವ ನಿಯಮವಿದೆ. ಕಡ್ಡಾಯವೆಂದು ನಾವು ಹೇಳಲಿಲ್ಲ, ಪ್ರಕಾಶ್ ತಾವಾಗಿ ಹಾಗೇ ಮಾಡಿದರು: 18,000ಕ್ಕೆ 3,600 ಸೇರಿಸಿ 21,600. ಉಳಿದ 16,400 ಆ್ಯಪ್ ಸಾಲಕ್ಕೆ, ಬಡ್ಡಿ ಹೆಚ್ಚು ಅಲ್ಲಿಯೇ ಇದ್ದುದರಿಂದ. ಮಿಕ್ಕದ್ದಕ್ಕೆ ತಿಂಗಳಿಗೆ 11,000. ಎರಡನೇ ಸಿಮ್ ರದ್ದಾಯಿತು, ಯುಪಿಐ ಬರೇ 2,000 ರೂಪಾಯಿ ಇರುವ ಖಾತೆಗೆ ಜೋಡಣೆಯಾಯಿತು, ಸಂಬಳದ ಖಾತೆ ಪತ್ನಿಯೊಂದಿಗೆ ಜಂಟಿಯಾಯಿತು.

ತೆಗೆದುಹಾಕಿದರಷ್ಟೇ ಸಾಲದು. ಮತ್ತಾಯ 12:43-45ರ ಮನೆ ಗುಡಿಸಿ ಅಲಂಕರಿಸಿದ್ದರೂ ಬರಿದಾಗಿತ್ತು; ಬಿಟ್ಟುಹೋದ ದೆವ್ವ ಇನ್ನೂ ಏಳನ್ನು ಕರೆತಂದಿತು. ಪ್ರಕಾಶ್ ಆಡುತ್ತಿದ್ದದ್ದು ರಾತ್ರಿ 10ರಿಂದ 12. ಆ ಹೊತ್ತಿಗೆ ಮೊಬೈಲ್ ಅಡುಗೆಮನೆಯಲ್ಲಿ. 9:30ಕ್ಕೆ ದಂಪತಿ ಒಟ್ಟಿಗೆ ಒಂದು ಕೀರ್ತನೆ ಓದಿ ಹತ್ತು ನಿಮಿಷ ಪ್ರಾರ್ಥನೆ, ಬಳಿಕ ನಿದ್ದೆ. ಬೆಳಿಗ್ಗೆ ಒಂದೇ ವಾಕ್ಯದ ಒಪ್ಪಿಸುವಿಕೆ, ಆ ದಿನದ ಅಪಾಯಕ್ಕೆ ಹೆಸರಿಟ್ಟು: "ಕರ್ತನೇ, ಇವತ್ತು ಸಂಬಳದ ದಿನ, ಈ ಹಣ ನಿನ್ನದು." ಶಿಲುಬೆ ಹೊರುವ ಮಾತಿಗೆ ಲೂಕನು "ಪ್ರತಿದಿನವೂ" ಎಂಬ ಪದ ಸೇರಿಸುತ್ತಾನೆ (9:23). ಮತ್ತಾಯ, ಮಾರ್ಕರಲ್ಲಿ ಅದಿಲ್ಲ. ಗುರುವಾರ ಸಂಜೆ ಒಬ್ಬ ಹಿರಿಯ ಸ್ನೇಹಿತರಿಗೆ ಬ್ಯಾಂಕ್ ವಿವರ ತೋರಿಸಿ ಮಾತಾಡುವುದೂ ನಿಗದಿಯಾಯಿತು. ಯಾಕೋಬ 5:16 ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿಕೊಳ್ಳಬೇಕೆನ್ನುತ್ತದೆ, ದೇವರಿಗೆ ಮಾತ್ರವಲ್ಲ.

ಒಂಬತ್ತನೇ ವಾರ ಮತ್ತೆ ಜೂಜಿಗೆ ಬಿದ್ದರು. ಸಹೋದ್ಯೋಗಿಯ ಮೊಬೈಲಿನಲ್ಲಿ 700 ರೂಪಾಯಿ. ಹಿಂದೆಲ್ಲ ಇಂಥದಾದಾಗ ಮುಂದಿನ ಕೂಟದವರೆಗೆ ಅಡಗಿಸುತ್ತಿದ್ದರು. ಈ ಸಲ ಅದೇ ರಾತ್ರಿ ಪತ್ನಿಗೆ, ಮರುದಿನ ಸ್ನೇಹಿತರಿಗೆ ಹೇಳಿದರು. 24 ಗಂಟೆಯೊಳಗೆ ಹೇಳುವುದು ಎಂದು ಮೊದಲೇ ಒಪ್ಪಂದವಾಗಿತ್ತು. ಊಟದ ವಿರಾಮವನ್ನು ಆ ಸಹೋದ್ಯೋಗಿಯೊಂದಿಗೆ ಕಳೆಯುವುದು ನಿಂತಿತು.

ಹನ್ನೊಂದು ತಿಂಗಳ ನಂತರ ಆ್ಯಪ್ ಸಾಲ, ಸಹೋದ್ಯೋಗಿಯ ಸಾಲ ತೀರಿವೆ. ಬಳೆಗಳು ಇನ್ನೂ ಸೊಸೈಟಿಯಲ್ಲಿವೆ. ಈ ವರ್ಷದ ಉಜ್ಜೀವನ ಕೂಟದಲ್ಲಿ ಮುಂದೆ ಹೋಗಬಹುದೇ ಎಂದು ಕೇಳಿದರು. ಹೋಗಿ, ಆದರೆ ಏನನ್ನು ಕೊಡುತ್ತೀರೆಂದು ಹಿಂದಿನ ರಾತ್ರಿ ಚೀಟಿಯಲ್ಲಿ ಬರೆದು ಪತ್ನಿಗೆ ತೋರಿಸಿ ಹೋಗಿ ಎಂದೆವು.