ಬಾಡಿಗೆ ಕಟರ್ ಯಾರದು? ನೌಕಾಪಡೆಯದೋ, ಖಾಸಗಿಯವರದೋ?

ಫ್ರಾನ್ಸಿನ ಜೊತೆ ಯುದ್ಧ ನಡೆದಾಗ ಬ್ರಿಟನ್ನಿನ ನೌಕಾಪಡೆ ಬಾಡಿಗೆಗೆ ಪಡೆದ ಸಣ್ಣ ಹಾಯಿ ಹಡಗುಗಳು, ಅಂದರೆ ಬಾಡಿಗೆ ಕಟರ್‌ಗಳೂ ಒಂದು ಬಗೆಯ ಪ್ರೈವೇಟಿಯರ್‌ಗಳೇ ಅಲ್ಲವೇ ಎಂದು ಕೇಳಿದ್ದೀರಿ. ಅಲ್ಲ ಸರ್. ಪ್ರೈವೇಟಿಯರ್ ಅಂದರೆ ಸರ್ಕಾರದ ಪರವಾನಗಿ ಇಟ್ಟುಕೊಂಡು, ಶತ್ರುದೇಶದ ಸರಕು ಹಡಗು ಹಿಡಿದು ದುಡ್ಡು ಮಾಡುವ ಖಾಸಗಿ ವ್ಯವಹಾರ. ಫ್ರಾನ್ಸಿನ ಡನ್ಕರ್ಕ್, ಸೇಂಟ್ ಮಾಲೋ ಬಂದರು ಊರುಗಳ ಸಾಹುಕಾರರು ಇದಕ್ಕೆ ಬಂಡವಾಳ ಹಾಕುತ್ತಿದ್ದರು. ಬಾಡಿಗೆ ಕಟರ್‌ನಲ್ಲಿ ಹಡಗು ಖಾಸಗಿಯವರದು, ನಾವಿಕರೂ ಸಾಮಾನ್ಯವಾಗಿ ಮಾಲೀಕರ ಕಡೆಯವರೇ. ಆದರೆ ಹುಕುಂ ಮಾತ್ರ ನೌಕಾಪಡೆಯ ಲೆಫ್ಟಿನೆಂಟನದು.

ಒಂದೇ ಪಟಸ್ತಂಭದ ಈ ಹಡಗುಗಳು ಚಿಕ್ಕವು, ಚುರುಕು. ದೊಡ್ಡ ಯುದ್ಧನೌಕೆಗಳು ಫ್ರೆಂಚ್ ಬಂದರುಗಳ ಬಾಗಿಲು ಕಾಯುತ್ತಿದ್ದಾಗ ಪತ್ರ ಒಯ್ಯುವುದು, ವ್ಯಾಪಾರಿ ಹಡಗುಗಳಿಗೆ ಬೆಂಗಾವಲಾಗುವುದು, ಕರಾವಳಿಯಲ್ಲಿ ಪ್ರೈವೇಟಿಯರ್‌ಗಳನ್ನು ಅಟ್ಟುವುದು ಇವುಗಳ ಪಾಲಿಗೆ ಬರುತ್ತಿತ್ತು.

'ಕೂರಿಯರ್' ಎಂಬ ಕಟರನ್ನೇ ನೋಡಿ. ಅದರಲ್ಲಿದ್ದದ್ದು 4 ಪೌಂಡ್ ಗುಂಡು ಹಾರಿಸುವ 12 ಫಿರಂಗಿ, ಅಂದರೆ ಒಂದೊಂದು ಗುಂಡಿನ ತೂಕ 2 ಕಿಲೋಗೂ ಕಡಿಮೆ. ಯುದ್ಧನೌಕೆಯವರು ನಕ್ಕುಬಿಡಬೇಕು! ಲೆಫ್ಟಿನೆಂಟ್ ಥಾಮಸ್ ಸರ್ಲ್ 1799ರ ನವೆಂಬರ್‌ನಲ್ಲಿ ಇದೇ ಹಡಗಿನಲ್ಲಿ, ಉತ್ತರ ಸಮುದ್ರದಲ್ಲಿ, 14 ಫಿರಂಗಿಗಳ ಫ್ರೆಂಚ್ ಪ್ರೈವೇಟಿಯರ್ 'ಗೆರಿಯೆ'ಯನ್ನು ಗಂಟೆಗಟ್ಟಲೆ ಬೆನ್ನಟ್ಟಿ, ಹತ್ತಿರದಿಂದ ಕಾದಾಡಿ ಸೆರೆಹಿಡಿದ. ಕೂರಿಯರ್ ಕಡೆ ಸತ್ತವನು ಹಡಗಿನ ಮಾಸ್ಟರ್, ಅಂದರೆ ಹಡಗು ನಡೆಸುವ ಹೊಣೆ ಹೊತ್ತವನು. ಸರ್ಲ್‌ಗೆ ಕೂಡಲೇ ಕಮಾಂಡರ್ ಆಗಿ ಬಡ್ತಿ ಸಿಕ್ಕಿತು.

ನಿಮ್ಮ ಅನುಮಾನಕ್ಕೆ ನನ್ನ ಪ್ರಕಾರ ಪಕ್ಕಾ ಉತ್ತರ ಒಂದು ಪದಕದಲ್ಲಿದೆ. 1840ರ ದಶಕದ ಕೊನೆಯಲ್ಲಿ, ಹಳೆಯ ಸಮುದ್ರ ಯುದ್ಧಗಳಲ್ಲಿ ಹೋರಾಡಿ ಇನ್ನೂ ಬದುಕಿದ್ದವರಿಗೆ ನೌಕಾ ಪದಕ ಕೊಟ್ಟಾಗ, ಟ್ರಫಾಲ್ಗರ್‌ನಂಥ ದೊಡ್ಡ ಸಮುದ್ರ ಯುದ್ಧಕ್ಕೆ ಇದ್ದಂತೆಯೇ ಕೂರಿಯರ್‌ನ ಈ ಕಾಳಗಕ್ಕೂ ಪ್ರತ್ಯೇಕ ಪಟ್ಟಿ (ಪದಕದ ರಿಬ್ಬನ್ನಿಗೆ ಹಾಕುವ, ಕಾಳಗದ ಹೆಸರು ಬರೆದ ಲೋಹದ ತುಂಡು) ಇತ್ತು. ಅಂದರೆ ಅದನ್ನು ನೌಕಾಪಡೆಯ ಕಾಳಗ ಎಂದೇ ಲೆಕ್ಕ ಹಾಕಿದ್ದರು.