ಬಿಲ್ ಬಾಕಿ ಇರುವ ಗುತ್ತಿಗೆದಾರರು ವಿಧಾನಸಭೆಗೆ ನಿಲ್ಲಬಹುದೇ?

ಪ್ರಶ್ನೆ: ನಾನು ಲೋಕೋಪಯೋಗಿ ಇಲಾಖೆಯ ಸಣ್ಣ ಗುತ್ತಿಗೆದಾರ. ಕಳೆದ ವರ್ಷ ಮುಗಿಸಿದ ರಸ್ತೆ ಕಾಮಗಾರಿಯ ಬಿಲ್ ಇನ್ನೂ ಪಾವತಿಯಾಗಿಲ್ಲ. ನನ್ನ ಮತ ಇರುವುದು ಹುಬ್ಬಳ್ಳಿಯಲ್ಲಿ. ಹುಟ್ಟೂರು ಗದಗ ಜಿಲ್ಲೆಯಲ್ಲಿದ್ದು, ಮುಂದಿನ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿಂದ ಪಕ್ಷೇತರನಾಗಿ ಸ್ಪರ್ಧಿಸುವ ಇಚ್ಛೆಯಿದೆ. ಕಾನೂನಿನ ಅಡ್ಡಿ ಇದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮತ ಹುಬ್ಬಳ್ಳಿಯಲ್ಲಿರುವುದು ಅಡ್ಡಿಯಲ್ಲ. 25 ವರ್ಷ ತುಂಬಿ, ರಾಜ್ಯದ ಯಾವುದೇ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಭಾಗದ ದೃಢೀಕೃತ ಪ್ರತಿಯನ್ನು ನಾಮಪತ್ರದೊಂದಿಗೆ ಕೊಡಬೇಕು. ಮೀಸಲು ಕ್ಷೇತ್ರವಾದರೆ ನೀವು ಆ ವರ್ಗಕ್ಕೆ ಸೇರಿರಬೇಕಾಗುತ್ತದೆ.

ಗುತ್ತಿಗೆಯ ವಿಷಯ ಸ್ವಲ್ಪ ಸೂಕ್ಷ್ಮ. ರಾಜ್ಯ ಸರ್ಕಾರದೊಂದಿಗೆ ಸರಕು ಪೂರೈಕೆಯ ಅಥವಾ ಕಾಮಗಾರಿಯ ಕರಾರು ಚಾಲ್ತಿಯಲ್ಲಿರುವವರು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮಿನಂತೆ ಅನರ್ಹರು. ಆದರೆ ಗುತ್ತಿಗೆದಾರರು ತಮ್ಮ ಪಾಲಿನ ಕೆಲಸವನ್ನು ಪೂರ್ತಿ ಮುಗಿಸಿದ್ದು, ಸರ್ಕಾರ ಹಣ ಕೊಡುವುದಷ್ಟೇ ಉಳಿದಿದ್ದರೆ, ಅಷ್ಟರಿಂದಲೇ ಕರಾರು ಚಾಲ್ತಿಯಲ್ಲಿದೆ ಎನ್ನಲಾಗದು ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಹೀಗಾಗಿ ಬಾಕಿ ಬಿಲ್ಲು ನಿಮ್ಮನ್ನು ತಡೆಯದು. ರಸ್ತೆಯ ದುರಸ್ತಿ–ನಿರ್ವಹಣೆಯ ಹೊಣೆ ಇನ್ನೂ ನಿಮ್ಮ ಮೇಲಿದ್ದರೆ ಮಾತ್ರ ಎದುರಾಳಿಗೆ ವಾದಿಸಲು ಆಸ್ಪದ ಸಿಗುತ್ತದೆ. ಕರಾರುಪತ್ರ ಮತ್ತು ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರಗಳನ್ನು ವಕೀಲರಿಗೆ ಈಗಲೇ ತೋರಿಸಿ. ಹೊಸ ಟೆಂಡರ್ ಹಿಡಿಯಬೇಡಿ.

ನನ್ನ ದೃಷ್ಟಿಯಲ್ಲಿ ನೀವು ಹೆಚ್ಚು ಎಚ್ಚರ ವಹಿಸಬೇಕಾದದ್ದು ನಾಮಪತ್ರದ ಬಗ್ಗೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು; ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಬೇಕು. ಅವರಲ್ಲಿ ಒಬ್ಬರ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿದ್ದರೂ ಉಳಿಯುವುದು ಒಂಬತ್ತೇ, ನಾಮಪತ್ರ ತಿರಸ್ಕೃತ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದಾದ್ದರಿಂದ, ಬೇರೆ ಹತ್ತು ಸೂಚಕರ ಸಹಿಯೊಂದಿಗೆ ಎರಡನೆಯದನ್ನೂ ಕೊಡುವುದು ಜಾಣತನ. ಹೆಬ್ಬೆಟ್ಟು ಒತ್ತುವ ಸೂಚಕರಿದ್ದರೆ ಊರಲ್ಲೇ ಒತ್ತಿಸಿ ತರುವಂತಿಲ್ಲ, ಚುನಾವಣಾಧಿಕಾರಿ ಅಥವಾ ಅಧಿಕೃತ ಅಧಿಕಾರಿಯ ಎದುರಿಗೇ ಒತ್ತಿಸಬೇಕು. ಅಫಿಡವಿಟ್‌ನ ಯಾವ ಅಂಕಣವನ್ನೂ ಖಾಲಿ ಬಿಡದೆ, ಅನ್ವಯಿಸದ ಕಡೆ ‘ಇಲ್ಲ’ ಎಂದಾದರೂ ಬರೆಯಿರಿ. ನೆನಪಿಸಿದ ಮೇಲೂ ಖಾಲಿ ಉಳಿದರೆ ನಾಮಪತ್ರವನ್ನು ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ನಾಮಪತ್ರ ಸಲ್ಲಿಸಿದ ಬಳಿಕ, ಪರಿಶೀಲನೆಯ ಹಿಂದಿನ ದಿನದೊಳಗೆ ಪ್ರಮಾಣವಚನವನ್ನೂ ಸ್ವೀಕರಿಸಬೇಕು. ಕೊನೆಯ ದಿನ ಮಧ್ಯಾಹ್ನ 3 ಗಂಟೆಯ ಹೊತ್ತಿಗೆ ಏದುಸಿರು ಬಿಡುತ್ತ ಬರುವವರು ಇಂಥದ್ದನ್ನೇ ಮರೆಯುತ್ತಾರೆ.

ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಪಾಲನ್ನು ಮೀರದ ಸೋತ ಅಭ್ಯರ್ಥಿಯ ಠೇವಣಿ ಹೋಗುತ್ತದೆ. 2023ರಲ್ಲಿ 224 ಸ್ಥಾನಗಳ ಪೈಕಿ ಪಕ್ಷೇತರರು ಗೆದ್ದದ್ದು ಹರಪನಹಳ್ಳಿ ಮತ್ತು ಗೌರಿಬಿದನೂರಿನಲ್ಲಿ ಮಾತ್ರ ಎಂಬುದು ನಿಮಗೂ ತಿಳಿದಿರಬಹುದು. ನಾಮಪತ್ರ ವಾಪಸಾತಿಯ ಗಡುವು ಮುಗಿದ ಮೇಲಷ್ಟೇ ನಿಮಗೆ ಚಿಹ್ನೆ ಸಿಗುವುದರಿಂದ, ಅದನ್ನು ಜನರ ಕಣ್ಣಿಗೆ ಪರಿಚಯಿಸಲು ಸುಮಾರು ಎರಡು ವಾರವಷ್ಟೇ ಉಳಿದಿರುತ್ತದೆ.

ವೆಚ್ಚದ ಮಿತಿ 40 ಲಕ್ಷ ರೂಪಾಯಿ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಸೋತರೂ ಫಲಿತಾಂಶದ 30 ದಿನಗಳೊಳಗೆ ಲೆಕ್ಕ ಒಪ್ಪಿಸಲೇಬೇಕು. ಸಕಾರಣವಿಲ್ಲದೆ ತಪ್ಪಿದರೆ ಚುನಾವಣಾ ಆಯೋಗ ನಿಮ್ಮನ್ನು ಮೂರು ವರ್ಷ ಅನರ್ಹಗೊಳಿಸಬಹುದು.